ಹಳೇ ಪಲ್ಸರ್ ಕೆಲಸ: ಈ ಸಲ ಮುಂದಿನ ಬ್ರೇಕ್

ಕಳೆದ ಸಲದ ಕಾರ್ಬ್ಯುರೇಟರ್ ಕೆಲಸ ಮುಗಿದು ಗಾಡಿ ಈಗ ಅರ್ಧ ಕಿಕ್ಕಿಗೇ ಸ್ಟಾರ್ಟ್ ಆಗುತ್ತಿದೆ. ಓಡುವ ಗಾಡಿ ನಿಲ್ಲಲೂ ಬೇಕಲ್ವಾ, ಹಾಗಾಗಿ ಮುಂದಿನ ಬ್ರೇಕ್ ಪ್ಯಾಡ್ ಕೆಲಸಕ್ಕೆ ಕೈ ಹಾಕಿದೆ. ಗಾಡಿ ಹಳೇ ಪಲ್ಸರ್ 150. ಮುಂದೆ 240 ಎಂಎಂ ಡಿಸ್ಕ್, ಹಿಂದೆ ಡ್ರಮ್. ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ. 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ ಆಗಿದ್ದು 2019ರ ಏಪ್ರಿಲ್‌ನಲ್ಲಿ, ಇದು ಅದಕ್ಕೂ ಹಿಂದಿನದು. ಮನೆಯಲ್ಲೇ ಗಾಡಿ ಬಿಚ್ಚಿ ರಿಪೇರಿ ಮಾಡುವವರಿಗೆ ಅದೂ ಒಂದು ಲೆಕ್ಕಕ್ಕೆ ಒಳ್ಳೆಯದೇ. ಬ್ರೇಕ್ ಆಯಿಲ್ ಹೋಗುವ ಪೈಪ್ ಒಂದೇ, ಅದರೊಳಗಿನ ಗಾಳಿ ತೆಗೆಯುವುದು ಸುಲಭ.

ನಾವಿರುವುದು ತೀರ್ಥಹಳ್ಳಿ ಕಡೆ. ಉಡುಪಿಗೆ ಹೋಗಬೇಕಂದ್ರೆ ಆಗುಂಬೆ ಘಾಟಿಯ 14 ತಿರುವು ಇಳಿಯಲೇಬೇಕು. ಇಲ್ಲಿ ಪ್ಯಾಡನ್ನು ತಿನ್ನುವುದು ಕಿಲೋಮೀಟರ್‌ಗಿಂತ ಜಾಸ್ತಿ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಕ್ರ ಎರಚುವ ಕೆಂಪು ನೀರೆಲ್ಲ ಹೋಗಿ ಕೂರುವುದು ಕ್ಯಾಲಿಪರ್ (ಡಿಸ್ಕಿನ ಎರಡೂ ಕಡೆ ಪ್ಯಾಡ್ ಹಿಡಿದಿರುವ ಭಾಗ) ಸಂದಿಯಲ್ಲೇ.

ಬಿಚ್ಚುವ ಮೊದಲು

ಪ್ಯಾಡ್ ಸವೆದಿದೆಯಾ ಅಂತ ನೋಡಲು ಏನೂ ಬಿಚ್ಚಬೇಕಿಲ್ಲ. ಮೊಬೈಲ್ ಟಾರ್ಚ್ ಹಾಕಿ ಕ್ಯಾಲಿಪರ್ ಸಂದಿಯಲ್ಲಿ ಇಣುಕಿದರೆ ಸಾಕು. ಕಬ್ಬಿಣದ ಪ್ಲೇಟಿನ ಮೇಲೆ ಡಿಸ್ಕನ್ನು ಹಿಡಿಯುವ ಕಪ್ಪು ಪದರ ಇರುತ್ತದೆ, ಅದರಲ್ಲಿ ಒಂದು ಗೀರು. ಆ ಗೀರು ಕಾಣದಷ್ಟು ಸವೆದರೆ ಪ್ಯಾಡ್ ಕಥೆ ಮುಗಿಯಿತು ಅಂತ. ನನ್ನದರಲ್ಲಿ ಒಂದು ಪ್ಯಾಡಿನ ಗೀರು ಹೋಗೇಬಿಟ್ಟಿತ್ತು.

ಹ್ಯಾಂಡಲ್ ಮೇಲಿನ ಬ್ರೇಕ್ ಆಯಿಲ್ ಡಬ್ಬಿಯ ಗಾಜಿನಲ್ಲಿ ಮಟ್ಟವೂ ಇಳಿದಿತ್ತು. ಎಲ್ಲೂ ಸೋರಿಲ್ಲ. ಪ್ಯಾಡ್ ತೆಳ್ಳಗಾದಂತೆ ಅದನ್ನು ಡಿಸ್ಕಿಗೆ ತಳ್ಳುವ ಪಿಸ್ಟನ್ ಮುಂದೆ ಬರುತ್ತದೆ, ಅದರ ಹಿಂದೆ ಖಾಲಿಯಾದ ಜಾಗಕ್ಕೆ ಆಯಿಲ್ ಇಳಿಯುತ್ತದೆ, ಅಷ್ಟೇ. ಕಡಿಮೆಯಾಯಿತಲ್ಲಾ ಅಂತ ಮೇಲಿಂದ ತುಂಬಿಸಿಟ್ಟರೆ, ಹೊಸ ಪ್ಯಾಡ್ ಹಾಕಲು ಪಿಸ್ಟನ್ ಒಳಗೆ ತಳ್ಳುವಾಗ ತುಂಬಿಸಿದ್ದೆಲ್ಲ ಉಕ್ಕಿ ಟ್ಯಾಂಕ್ ಮೇಲೆ ಬರುತ್ತದೆ. ಬ್ರೇಕ್ ಆಯಿಲ್ ಬಿದ್ದ ಕಡೆ ಪೇಂಟ್ ಸುಲಿದು ಬರುತ್ತದೆ. ಹಾಗಾಗಿ ಡಬ್ಬಿ ಮುಟ್ಟಲಿಲ್ಲ. ಟ್ಯಾಂಕಿಗೆ ಒದ್ದೆ ಪಂಚೆ ಹೊದಿಸಿದೆ, ಪಕ್ಕದಲ್ಲಿ ಒಂದು ಮಗ್ ನೀರು ಇಟ್ಟುಕೊಂಡೆ. ಬಿದ್ದರೂ ತಕ್ಷಣ ನೀರು ಸುರಿದರೆ ಏನೂ ಆಗುವುದಿಲ್ಲ.

ಸಾಮಾನು ಜಾಸ್ತಿ ಏನಿಲ್ಲ. ಪ್ಯಾಡ್ ಸೆಟ್, ಡಾಟ್ 4 ದರ್ಜೆಯ ಬ್ರೇಕ್ ಆಯಿಲ್‌ನ ಸೀಲ್ ಒಡೆಯದ ಬಾಟಲಿ, ಸಿಲಿಕೋನ್ ಗ್ರೀಸ್, ಹಳೇ ಟೂತ್‌ಬ್ರಷ್, ಉಪ್ಪು ಕಾಗದ, ಎಲ್ಲೆನ್ ಕೀ ಸೆಟ್, ರಿಂಗ್ ಸ್ಪ್ಯಾನರ್. ಸಿಲಿಕೋನ್ ಗ್ರೀಸ್ ಮಾತ್ರ ಊರಲ್ಲಿ ಸಿಗಲಿಲ್ಲ. ಅಂಗಡಿಯವರು, "ಸುಮ್ನೆ ಬೇರಿಂಗ್ ಗ್ರೀಸೇ ಹಚ್ಚಿ ಸಾರ್, ಎಲ್ಲರೂ ಅದನ್ನೇ ಹಚ್ಚೋದು" ಅಂದರು. ಎಲ್ಲರೂ ಹಚ್ಚುತ್ತಾರೆ, ನಿಜ. ಆದರೆ ಮಾಮೂಲಿ ಗ್ರೀಸ್ ಪೆಟ್ರೋಲಿಯಂ ಜಾತಿಯದ್ದು. ಬ್ರೇಕಿನ ರಬ್ಬರ್ ಅದನ್ನು ಹೀರಿ ಊದಿಕೊಳ್ಳುತ್ತದೆ, ಊದಿದ ರಬ್ಬರ್ ಒಳಗಿನ ಸ್ಲೈಡ್ ಪಿನ್ನನ್ನು (ಕ್ಯಾಲಿಪರ್ ಜಾರುವುದು ಇದರ ಮೇಲೆ) ಬಿಗಿಯಾಗಿ ಹಿಡಿಯುತ್ತದೆ. ಅಂದರೆ ಪಿನ್ ಜಾರಲಿ ಅಂತ ಹಚ್ಚಿದ ಗ್ರೀಸೇ ಅದನ್ನು ಜಾಮ್ ಮಾಡುತ್ತದೆ. ಆನ್‌ಲೈನ್‌ನಲ್ಲಿ ತರಿಸಿದೆ. ಅದು ಬರುವವರೆಗೆ ಕೆಲಸ ನಿಂತಿತು.

ಬಿಚ್ಚಿದ್ದು

ಡಬಲ್ ಸ್ಟ್ಯಾಂಡ್ ಹಾಕಿದೆ. ಮೊದಲ ಕೆಲಸ ಪ್ಯಾಡುಗಳನ್ನು ಹಿಡಿದಿಡುವ ಪ್ಯಾಡ್ ಪಿನ್ ಸಡಿಲ ಮಾಡುವುದು, ಅದೂ ಕ್ಯಾಲಿಪರ್ ಇನ್ನೂ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಕಾಲು) ಮೇಲಿರುವಾಗಲೇ. ಕ್ಯಾಲಿಪರ್ ಕೈಗೆ ಬಂದ ಮೇಲೆ ಬಿಗಿಯಾದ ಪಿನ್ ತಿರುಗಿಸಲು ಹೋದರೆ ಹಿಡಿತ ಸಿಗುವುದಿಲ್ಲ, ಎಲ್ಲೆನ್ ಕೀ ಜಾರಿ ತಲೆ ಸವೆದು ಗುಂಡಗಾಗುತ್ತದೆ. ಆಮೇಲೆ ಲೇತ್ ಅಂಗಡಿ ಹುಡುಕಬೇಕು. ಪಿನ್ ತಲೆಯ ತೂತಿನಲ್ಲಿ ಮಣ್ಣು ಗಟ್ಟಿಯಾಗಿ ಕೂತಿತ್ತು. ದಬ್ಬಣದಿಂದ ಕೆರೆದು ತೆಗೆದು, ಕೀ ತಳದವರೆಗೆ ಕೂತಿದೆ ಅಂತ ಖಾತ್ರಿಯಾದ ಮೇಲೇ ಬಲ ಹಾಕಿದೆ. ಟಕ್ ಅಂತ ಬಿಟ್ಟಿತು.

ಆಮೇಲೆ ಎರಡು ಬೋಲ್ಟ್ ತೆಗೆದು ಕ್ಯಾಲಿಪರ್ ಇಳಿಸಿ, ಸೆಣಬಿನ ದಾರದಿಂದ ಹ್ಯಾಂಡಲ್‌ಗೆ ಕಟ್ಟಿದೆ. ಪೈಪಿನಲ್ಲೇ ನೇತಾಡಲು ಬಿಡಬಾರದು. ಈಗ ಯಾರೂ ಬ್ರೇಕ್ ಲಿವರ್ ಒತ್ತಲೂಬಾರದು, ಒತ್ತಿದರೆ ಪಿಸ್ಟನ್ ಹೊರಗೇ ಬಂದುಬಿಡುತ್ತದೆ. ಗಾಡಿ ನಿಂತಿದ್ದರೆ ಬಂದವರೆಲ್ಲ ಮೊದಲು ಹಿಡಿಯುವುದು ಲಿವರನ್ನೇ. ಹಾಗಾಗಿ ಅದಕ್ಕೊಂದು ಬಟ್ಟೆ ಸುತ್ತಿಟ್ಟೆ.

ಹಳೇ ಪ್ಯಾಡ್ ಎರಡನ್ನೂ ಜಗಲಿಯ ಮೇಲೆ ಜೋಡಿಸಿಟ್ಟು ನೋಡಿದೆ. ನೋಡಬೇಕಾದ್ದು ಇದನ್ನೇ. ಪಿಸ್ಟನ್ ಕಡೆಯದ್ದರಲ್ಲಿ ಕಪ್ಪು ಪದರ 1 ಎಂಎಂ ಕೂಡ ಉಳಿದಿರಲಿಲ್ಲ, ಒಂದು ಮೂಲೆಯಲ್ಲಿ ಇನ್ನೇನು ಕಬ್ಬಿಣ ಡಿಸ್ಕಿಗೆ ತಾಗುವ ಹಾಗಿತ್ತು. ಆಚೆ ಕಡೆಯದ್ದರಲ್ಲಿ ಗೀರು ಇನ್ನೂ ಸ್ಪಷ್ಟ, ಅರ್ಧಕ್ಕಿಂತ ಜಾಸ್ತಿ ಬಾಕಿ. ಒಂದೇ ದಿನ ಹಾಕಿದ ಪ್ಯಾಡ್, ಒಂದೇ ಡಿಸ್ಕ್. ಹಾಗಾದರೆ ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು?

ಈ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಇರುವುದು ಒಂದೇ ಕಡೆ. ಲಿವರ್ ಒತ್ತಿದಾಗ ಪಿಸ್ಟನ್ ತನ್ನ ಕಡೆಯ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ, ಆ ಒತ್ತಡಕ್ಕೆ ಇಡೀ ಕ್ಯಾಲಿಪರ್ ಸ್ಲೈಡ್ ಪಿನ್ ಮೇಲೆ ಹಿಂದಕ್ಕೆ ಜಾರಿ ಆಚೆ ಕಡೆಯ ಪ್ಯಾಡನ್ನೂ ಎಳೆದು ತರುತ್ತದೆ. ಪಿನ್ ಜಾರದಿದ್ದರೆ ಆಚೆಯದ್ದು ಸುಮ್ನೆ ಕೂತಿರುತ್ತದೆ, ಈಚೆಯದ್ದು ಒಂದೇ ದುಡಿದು ಸವೆಯುತ್ತದೆ. ಕ್ಯಾಲಿಪರನ್ನು ಫೋರ್ಕಿಗೆ ಹಿಡಿಸುವ ಬ್ರಾಕೆಟ್ ಎಳೆದು ನೋಡಿದರೆ ಹೌದು, ಒಂದು ಪಿನ್ ಸಲೀಸಾಗಿ ಬಂತು, ಇನ್ನೊಂದನ್ನು ಅಲ್ಲಾಡಿಸಿ ಅಲ್ಲಾಡಿಸಿ ಬಿಡಿಸಬೇಕಾಯಿತು. ಪಿನ್ನಿಗೆ ನೀರು, ಮಣ್ಣು ತಾಗದಂತೆ ಮುಚ್ಚುವ ರಬ್ಬರ್ ಬೂಟಿನ ಬಾಯಿ ಸೀಳಿತ್ತು. ಒಳಗೆ ಗ್ರೀಸ್ ಬದಲು ತುಕ್ಕು ಮತ್ತು ಕೆಂಪು ಕೆಸರು ಸೇರಿ ಗಟ್ಟಿಯಾಗಿದ್ದ ಪೇಸ್ಟ್.

ಮಲೆನಾಡಿನಲ್ಲಿ ಪ್ಯಾಡ್ ಬದಲಾಯಿಸುವುದು ಅಂದ್ರೆ ಅರ್ಧ ಕೆಲಸ, ಉಳಿದರ್ಧ ಈ ಪಿನ್ನೇ ಅಂತ ನಾನು ಹೇಳುವುದು ಇದಕ್ಕೇ. ಗ್ಯಾರೇಜಿನಲ್ಲಿ ಕೊಟ್ಟರೆ ಹತ್ತು ನಿಮಿಷದಲ್ಲಿ ಪ್ಯಾಡ್ ಹಾಕಿ ಕಳಿಸುತ್ತಾರೆ, ಪಿನ್ ಮುಟ್ಟುವವರು ಕಡಿಮೆ. ಅವರನ್ನೂ ಬೈಯುವ ಹಾಗಿಲ್ಲ. ಒಂದು ಗಂಟೆ ಕೂತು ತೊಳೆದರೆ ಆ ಕೂಲಿ ಕೊಡಲು ನಾವು ರೆಡಿ ಇರುತ್ತೇವಾ?

ತೊಳೆದಿದ್ದು

ಪಿನ್ನನ್ನು ಸಣ್ಣ ಉಪ್ಪು ಕಾಗದದಲ್ಲಿ ಉಜ್ಜಿದೆ. ತುಕ್ಕು ಮೇಲ್ಮೇಲೆ ಇತ್ತು, ಗುಳಿ ಬಿದ್ದಿರಲಿಲ್ಲ. ಗುಳಿ ಬಿದ್ದಿದ್ದರೆ ಹೊಸ ಪಿನ್ನೇ ಬೇಕು. ಸೀಳಿದ ಬೂಟಿಗೆ ಹೊಸದು ಹಾಕಿದೆ, ಎರಡೂ ಪಿನ್ನಿಗೆ ತೆಳ್ಳಗೆ ಸಿಲಿಕೋನ್ ಗ್ರೀಸ್. ಈಗ ಬೆರಳಲ್ಲಿ ತಳ್ಳಿದರೆ ಬ್ರಾಕೆಟ್ ಹಿಂದೆ ಮುಂದೆ ಜಾರುತ್ತದೆ.

ಪಿಸ್ಟನ್ ವಿಷಯದಲ್ಲಿ ಅವಸರ ಬೇಡ. ಹೊರಗೆ ಬಂದಿರುವ ಭಾಗದ ಮೇಲೆ ಪ್ಯಾಡ್ ಪುಡಿ, ಮಣ್ಣು ಎಲ್ಲ ಅಂಟಿರುತ್ತದೆ. ಹಾಗೇ ಒಳಗೆ ತಳ್ಳಿದರೆ ಅದೆಲ್ಲ ಸೀಲಿಗೆ ಉಜ್ಜಿಕೊಂಡು ಹೋಗುತ್ತದೆ. ಈ ಸೀಲ್ ಆಯಿಲ್ ತಡೆಯುವುದಷ್ಟೇ ಅಲ್ಲ, ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಲಿವರ್ ಒತ್ತಿದಾಗ ಪಿಸ್ಟನ್ ಜೊತೆ ಸ್ವಲ್ಪ ಬಾಗುತ್ತದೆ, ಬಿಟ್ಟಾಗ ನೆಟ್ಟಗಾಗಿ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಒಳಗೆ ಸ್ಪ್ರಿಂಗ್ ಏನೂ ಇಲ್ಲ, ಬ್ರೇಕ್ ಬಿಡುವುದೇ ಈ ರಬ್ಬರ್ ಬಳೆಯಿಂದ. ಅದು ಕೊಳಕಾದರೆ ಬ್ರೇಕ್ ಸದಾ ಉಜ್ಜುತ್ತಿರುತ್ತದೆ, ಡಿಸ್ಕ್ ಕಾಯುತ್ತದೆ, ಮೈಲೇಜೂ ಹೋಯಿತು. ಟೂತ್‌ಬ್ರಷ್, ಸೋಪು ನೀರು, ಆಮೇಲೆ ಒಣಬಟ್ಟೆ. ಪೆಟ್ರೋಲ್ ಹಾಕಲಿಲ್ಲ, ಸೀಲಿಗೆ ಅದೂ ಆಗುವುದಿಲ್ಲ. ಆ ಕಪ್ಪು ಪುಡಿಯನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲೇ ಒರೆಸಿ. ಎದೆಯೊಳಗೆ ಹೋಗುವಂಥದ್ದಲ್ಲ ಅದು.

ಫಳಫಳ ಆದ ಮೇಲೆ ಡಬ್ಬಿಯ ಮುಚ್ಚಳ ಸಡಿಲ ಮಾಡಿ, ಹಳೇ ಪ್ಯಾಡನ್ನೇ ಅಡ್ಡ ಇಟ್ಟು ಪಿಸ್ಟನ್ ನಿಧಾನಕ್ಕೆ ಒಳಗೆ ತಳ್ಳಿದೆ. ಡಬ್ಬಿಯ ಮಟ್ಟ ತಾನಾಗೇ ಮೇಲೆ ಬಂತು.

ಜೋಡಣೆ, ಆಯಿಲ್

ಜೋಡಿಸುವುದು ಬೇಗ ಆಯಿತು. ಪ್ಯಾಡ್ ಹಿಂದಿನ ಸ್ಪ್ರಿಂಗ್ ಪಟ್ಟಿ ಇದ್ದ ದಿಕ್ಕಿಗೇ ಕೂರಬೇಕು, ಇಲ್ಲದಿದ್ದರೆ ಹೊಂಡದಲ್ಲೆಲ್ಲ ಕಟಕಟ ಸದ್ದು. ಹೊಸ ಪ್ಯಾಡಿನ ಮುಖಕ್ಕೆ ಗ್ರೀಸ್ ಕೈ ತಾಗದ ಹಾಗೆ ಅಂಚು ಹಿಡಿದೇ ಕೂರಿಸಿದೆ. ಡಿಸ್ಕಿನ ದಪ್ಪವನ್ನೂ ವರ್ನಿಯರ್‌ನಲ್ಲಿ ನೋಡಿದೆ. ಕನಿಷ್ಠ ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಡಿಸ್ಕ್ ಮೇಲೇ ಅಚ್ಚು ಹಾಕಿರುತ್ತಾರೆ. ಇನ್ನೂ ಬಾಳುತ್ತದೆ.

ಆಯಿಲ್ ಮಾತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಡಾಟ್ 4 ಗಾಳಿಯಲ್ಲಿರುವ ತೇವ ಹೀರುತ್ತದೆ, ನಮ್ಮ ಕಡೆ ತೇವಕ್ಕೇನು ಬರ. ಹೊಸ ಡಾಟ್ 4 ಕಡೇಪಕ್ಷ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ತೇವ ಹೀರಿದ ಮೇಲೆ ಅದೇ ಲೆಕ್ಕ 155 ಡಿಗ್ರಿ. ಘಾಟಿಯಲ್ಲಿ ಬ್ರೇಕ್ ಹಿಡಿದುಕೊಂಡೇ ಇಳಿದರೆ ಆಯಿಲ್ ಕುದಿದು ಆವಿಯಾಗಬಹುದು, ಆವಿ ಒತ್ತಿದಷ್ಟೂ ಕುಗ್ಗುತ್ತದೆ, ಲಿವರ್ ಹ್ಯಾಂಡಲ್‌ವರೆಗೆ ಬಂದರೂ ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುವುದು ಇದಕ್ಕೇ. ಘಾಟಿಯಲ್ಲಿ ಸೆಕೆಂಡ್ ಗೇರಿನಲ್ಲೇ ಇಳಿಯಿರಿ ಅಂತ ಹಳಬರು ಹೇಳುವುದೂ ಇದಕ್ಕೇ.

ತಮ್ಮನನ್ನು ಲಿವರ್ ಹತ್ತಿರ ಕೂರಿಸಿದೆ. ಕ್ಯಾಲಿಪರ್ ಮೇಲೆ ಆಯಿಲ್ ಹೊರಬಿಡಲು ಇರುವ ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್, ಅದರ ತುದಿ ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ.

"ಒತ್ತಿ ಹಿಡ್ಕೋ."

"ಹ್ಞೂಂ, ಹಿಡ್ದಿದೀನಿ ಅಣ್ಣಾ."

ನಿಪ್ಪಲ್ ಕಾಲು ಸುತ್ತು ಬಿಚ್ಚುವುದು, ಲಿವರ್ ಕೆಳಗಿಳಿಯುತ್ತದೆ, ನಿಪ್ಪಲ್ ಮುಚ್ಚಿದ ಮೇಲೆ "ಈಗ ಬಿಡು." ಈ ಕ್ರಮ ತಪ್ಪಿದರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ನಡುನಡುವೆ ಡಬ್ಬಿ ಖಾಲಿಯಾಗದ ಹಾಗೆ ಹೊಸ ಆಯಿಲ್ ಹಾಕುತ್ತಲೇ ಇರಬೇಕು. ಟ್ಯೂಬಿನಲ್ಲಿ ಕಂದು ಬಣ್ಣದ ಹಿಂದೆ ತಿಳಿ ಹಳದಿ ಬರುವುದು ಕಾಣುತ್ತದೆ, ಗುಳ್ಳೆಯೂ ನಿಂತಿತು. ಹೊರಡುವ ಮೊದಲು ಲಿವರ್ ಗಟ್ಟಿಯಾಗುವವರೆಗೆ ಪಂಪ್ ಮಾಡಲೇಬೇಕು. ಪಿಸ್ಟನ್ ಒಳಗೆ ತಳ್ಳಿರುತ್ತೇವಲ್ಲ, ಮೊದಲ ಒತ್ತುಗಳಿಗೆ ಬ್ರೇಕೇ ಇರುವುದಿಲ್ಲ.

ಓಡಿಸಿದ ಮೇಲೆ

ಮೊದಲು ಮನೆ ಮುಂದಿನ ಖಾಲಿ ರಸ್ತೆಯಲ್ಲಿ ವೇಗವನ್ನು 40ರಿಂದ 10ಕ್ಕೆ ಮೆಲ್ಲಗೆ ಇಳಿಸುವುದು, ಸ್ವಲ್ಪ ದೂರ ಓಡಿಸಿ ಆರಲು ಬಿಡುವುದು, ಮತ್ತೆ ಅದೇ. ಹೊಸ ಪ್ಯಾಡಿನ ಮುಖ ಹಳೇ ಡಿಸ್ಕಿನ ಗೀರಿಗೆ ಹೊಂದಿಕೊಳ್ಳಬೇಕು, ಅಲ್ಲಿಯವರೆಗೆ ಹಿಡಿತ ಕಡಿಮೆಯೇ. ಹಾಗಾಗಿ ಘಾಟಿಗೆ ತಕ್ಷಣ ಹೋಗಲಿಲ್ಲ, ಪೇಟೆ ಓಡಾಟದಲ್ಲೇ ಕಿಲೋಮೀಟರ್ ಕೂಡಿಸಿದೆ. ಶುರುವಿನಲ್ಲಿ ಸಣ್ಣ ಕೀರಲು ಇತ್ತು, ತಾನಾಗೇ ಹೋಯಿತು.

ಆಮೇಲೆ ಒಮ್ಮೆ ಉಡುಪಿಗೆ ಹೋಗಿ ಬಂದೆ. ಘಾಟಿಯ ಮೇಲಿಂದ ಕೆಳಗಿನವರೆಗೆ ಲಿವರ್ ಒಂದೇ ಹದದಲ್ಲಿತ್ತು. ಮನೆಗೆ ಬಂದು ಟಾರ್ಚ್ ಹಾಕಿ ನೋಡಿದರೆ ಎರಡೂ ಪ್ಯಾಡಿನ ಗೀರು ಒಂದೇ ಆಳ. ಮುಂದಿನ ಚಕ್ರ ಎತ್ತಿ ತಿರುಗಿಸಿದರೆ ತಾಗದೆ ಸುತ್ತುತ್ತದೆ. ಮಳೆಗಾಲ ಕಳೆದ ಮೇಲೆ ಪಿನ್ ಮತ್ತೆ ಬಿಚ್ಚಿ ನೋಡುವುದು ಅಂತ ಕ್ಯಾಲೆಂಡರ್‌ನಲ್ಲಿ ಬರೆದಿಟ್ಟಿದ್ದೇನೆ.

ಇನ್ನು ಬಾಕಿ ಹಿಂದಿನ ಡ್ರಮ್. ಡ್ರಮ್ ಒಳಗೆ ಉಜ್ಜಿ ಹಿಡಿಯುವ ಲೈನರ್ ತಂದಾಗಿದೆ. ಚೈನ್ ಸ್ಪ್ರಾಕೆಟ್ ಕೂಡ ಬದಲಾಯಿಸಬೇಕಾಗಿರುವುದರಿಂದ ಅದು ಬಂದ ಮೇಲೆ ಒಟ್ಟಿಗೇ ಚಕ್ರ ಬಿಚ್ಚುತ್ತೇನೆ.