ಒಂದು ಶನಿವಾರ, ಎರಡು ಬೆಳಗು

"ಅಮೇರಿಕಾ ಎಷ್ಟು ದೂರ ಆಯ್ತದ್ಲಾ ಮಗ?" ಕನಕಾಂಬರ ಕಟ್ಟುತ್ತಾ ಅವ್ವ ಕೇಳಿದಳು. ತಂಗಿಯ ಬಾಣಂತನಕ್ಕೆ ಅವಳನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಕರೆದುಕೊಂಡು ಹೋಗಬೇಕಿತ್ತು. ಬೆಂಗಳೂರಿನಿಂದ ಹತ್ತಿರಹತ್ತಿರ 14,000 ಕಿಲೋಮೀಟರ್ ಅಂದೆ. ಪಾಂಡವಪುರದ ಅವ್ವನಿಗೆ ಆ ಅಂಕಿಯಿಂದ ಏನೂ ತಿಳಿಯಲಿಲ್ಲ. "ಅದ್ ಬುಡು, ಎಷ್ಟೊತ್ತು ಕೂತಿರಬೇಕು ಅದನ್ನೇಳು" ಅಂದಳು.

ಮಗನ ಗ್ಲೋಬ್ ತಂದೆ. ಅವ್ವನ ಹೂವಿನ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಅವಳೇ ಒತ್ತಿ ಹಿಡಿದಳು, ಇನ್ನೊಂದನ್ನು ನಾನು ಸ್ಯಾನ್ ಫ್ರಾನ್ಸಿಸ್ಕೋ ಮೇಲಿಟ್ಟು ಬಿಗಿಯಾಗಿ ಎಳೆದೆ. ದಾರ ಸೀದಾ ಉತ್ತರಕ್ಕೆ ಜಾರಿತು: ಟಿಬೆಟ್, ಮಂಗೋಲಿಯಾ, ಸೈಬೀರಿಯಾದ ನೆತ್ತಿ, ಅಲಾಸ್ಕಾ. ಎರಡೂ ಊರು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಮಗ್ಗುಲಲ್ಲಿವೆ, ಹಾಗಾಗಿ ಹತ್ತಿರದ ದಾರಿ ಧ್ರುವದ ಕಡೆಯಿಂದಲೇ. ಆದರೆ ನಮ್ಮ ವಿಮಾನ ಹೋಗಿದ್ದು ಆ ದಾರಿಯಲ್ಲಲ್ಲ.

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ 1,740 ಮೀಟರ್. ಇಷ್ಟು ದೂರ ಹಾರುವ ಬೋಯಿಂಗ್ 777 ಅಲ್ಲಿಂದ ಏಳಲಾರದು. ಯುಗಾದಿ ಕಳೆದ ಮೇಲೆ ಒಂದು ಶನಿವಾರ ಬೆಳಗಿನ ಜಾವ ಮೈಸೂರಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗುವ ಫ್ಲೈಬಸ್ ಹತ್ತಿದೆವು. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವಾಗ ಸೂರ್ಯ ಹುಟ್ಟಿದ, ಅವ್ವ ಕೈ ಮುಗಿದಳು. ದೇವನಹಳ್ಳಿ ಮುಟ್ಟಲು ಸುಮಾರು ನಾಲ್ಕು ಗಂಟೆ ಬೇಕಾಯಿತು. ಬಸ್ಸಿನ ಆ ವೇಗದಲ್ಲೇ ಅಮೇರಿಕಾಕ್ಕೆ ಹೋದರೆ ಹನ್ನೆರಡು ದಿನ ದಾಟುತ್ತದೆ ಅಂತ ಲೆಕ್ಕ ಹಾಕಿದೆ.

ಮಧ್ಯಾಹ್ನ ಎರಡೂವರೆಗೆ ವಿಮಾನ ಎದ್ದಿತು. ಮುಂದಿನ ಪರದೆಯ ನಕ್ಷೆಯಲ್ಲಿ ಬಂಗಾಳ ಕೊಲ್ಲಿ, ಚೀನಾ, ಜಪಾನ್, ಆಮೇಲೆ ಬರೀ ನೀಲಿ. ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಬಿರುಗಾಳಿ ಹೊಳೆಯಂತೆ ಹರಿಯುತ್ತಿರುತ್ತದೆ. ಪೆಸಿಫಿಕ್ ದಾರಿ ಒಂದಿಷ್ಟು ಸುತ್ತಾದರೂ ಬೆನ್ನ ಹಿಂದೆ ಆ ಗಾಳಿ ಸಿಗುವುದರಿಂದ ಹೊತ್ತೂ ಉಳಿಯುತ್ತದೆ, ಇಂಧನವೂ ಉಳಿಯುತ್ತದೆ. ಜಪಾನ್ ದಾಟಿದ ಮೇಲೆ ಪರದೆಯಲ್ಲಿ ವೇಗ ಗಂಟೆಗೆ 1,000 ಕಿ.ಮೀ. ಮೀರಿದ್ದನ್ನು ಅವ್ವನಿಗೆ ತೋರಿಸಿದೆ. "ತೂರೋವಾಗ ಗಾಳಿ ನೋಡ್ಕೋತೀವಲ್ಲ, ಅಂಗೆ" ಅಂದಳು. ನನ್ನ ವಿವರಣೆಗಿಂತ ಅದು ಎಷ್ಟೋ ಚೆನ್ನಾಗಿತ್ತು. ಗಂಟೆಗೊಮ್ಮೆ ಅವಳನ್ನು ಎಬ್ಬಿಸಿ ನಡೆಸುತ್ತಿದ್ದೆ. ಆದರೂ ಪಾದ ಊದಿ ಚಪ್ಪಲಿ ಹಿಡಿಸಲಿಲ್ಲ.

ಆ ರಾತ್ರಿಯ ಉದ್ದ ಏಳು ತಾಸೂ ಇರಲಿಲ್ಲ. ಅಂತರರಾಷ್ಟ್ರೀಯ ದಿನಾಂಕ ರೇಖೆಯ ಆಸುಪಾಸಿನಲ್ಲಿ ಬೆಳಕು ಹರಿಯಿತು. ರೇಖೆಯ ಈಚೆ ಆಗಲೇ ಭಾನುವಾರ, ದಾಟಿದ ಕೂಡಲೇ ಮತ್ತೆ ಶನಿವಾರ. ಕಿಟಕಿಯ ಅಂಚಿನಲ್ಲಿ ಕೆಂಪು ಗೆರೆ ದಪ್ಪವಾಗುತ್ತಿದ್ದಂತೆ ಅವ್ವ ಸೆರಗು ಸರಿಮಾಡಿಕೊಂಡು ಎರಡನೇ ಸಲ ಕೈ ಮುಗಿದಳು.

ಹದಿನಾರು ಗಂಟೆ ಹಾರಿ ಇಳಿದಾಗ ಅಲ್ಲಿ ಅದೇ ಶನಿವಾರ ಸಂಜೆ ಆರು, ಅವ್ವನ ಗಡಿಯಾರದಲ್ಲಿ ಭಾನುವಾರ ಬೆಳಗ್ಗೆ ಆರೂವರೆ. ತಿರುಗಿಸಿಕೊಡಲಾ ಅಂದೆ, ಬೇಡ ಅಂದಳು. ಊರಲ್ಲಿ ಹಾಲು ಕರೆಯೋ ಹೊತ್ತು ಅವಳಿಗೆ ಗೊತ್ತಾಗಬೇಕಿತ್ತು.

ಎರಡು ತಿಂಗಳ ಮೇಲೆ ವಾಪಸ್ ಬರುವಾಗ ಎದುರುಗಾಳಿ. ಮಂಗಳವಾರ ರಾತ್ರಿ ಹೊರಟು ಗುರುವಾರ ನಸುಕಿಗೆ ಇಳಿದೆವು. ಬುಧವಾರವೆಲ್ಲ ಆಕಾಶದಲ್ಲೇ ಹೋಯಿತು.

ಪಕ್ಕದ ಮನೆಯವರು ಬಂದು "ಎಷ್ಟು ದೂರ ಆಯ್ತಮ್ಮಾ?" ಅಂದರು. ಅವ್ವ ಕಾಲು ನೀವಿಕೊಳ್ಳುತ್ತಾ ಹೇಳಿದಳು: "ಓಗೋಕೆ ಅದಿನಾರು ಗಂಟೆ, ಬರೋಕೆ ಅದಿನೇಳೂವರೆ."