ತಿಕ್ಕಿ ತಿಕ್ಕಿ ಕೊಂದ ಎರಡು ಬೆಟ್ಟಾ ಮೀನು

ಅಕ್ವೇರಿಯಂ ಸರ್ವಿಸ್ ಕೆಲಸಕ್ಕೆ ಸೇರುವ ಮೊದಲು ನಾನು ಮುಂಬೈಯ ಮಾಟುಂಗದ ಒಂದು ಹೋಟೆಲಿನಲ್ಲಿದ್ದೆ. ಮೊದಲ ವರ್ಷ ಪೂರ್ತಿ ಲೋಟ ತೊಳೆದದ್ದೇ. ಲೋಟದಲ್ಲಿ ಒಂದು ಕಲೆ ಉಳಿದರೂ ಗಲ್ಲಾದಲ್ಲಿ ಕೂತ ಮಾವ ಅದನ್ನು ಬೆಳಕಿಗೆ ಹಿಡಿದು, "ಇದರಲ್ಲಿ ನೀನು ಕುಡಿತೀಯಾ?" ಅಂತ ಎಲ್ಲರೆದುರೇ ಕೇಳುತ್ತಿದ್ದರು. ಗಾಜು ಅಂದರೆ ಫಳಫಳ ಹೊಳೆಯಬೇಕು ಅನ್ನುವುದು ಹಾಗೆ ಕೈಗೇ ಹತ್ತಿಬಿಟ್ಟಿತ್ತು. ಅದೇ ಕೈ ಮುಂದೆ ಎರಡು ಬೆಟ್ಟಾ ಮೀನುಗಳನ್ನು ಕೊಂದಿತು.

ಮುಲುಂಡಿನ ಒಂದು ಹಲ್ಲಿನ ಕ್ಲಿನಿಕ್ಕು ನನ್ನ ಪಾಲಿಗೆ ಬಂದ ಮೊದಲ ಗಿರಾಕಿ. ಕಾಯುವ ಕೋಣೆಯಲ್ಲಿ 25 ಲೀಟರಿನ ಟ್ಯಾಂಕು, ಒಳಗೆ ಒಂದು ನೀಲಿ ಬೆಟ್ಟಾ (ನಮ್ಮ ಅಂಗಡಿಯಲ್ಲಿ ಫೈಟರ್ ಅಂದರಷ್ಟೇ ಗೊತ್ತಾಗುವುದು), ಮೂರು ಬಗೆಯ ಗಿಡ. ಪ್ರತಿ ಸೋಮವಾರ ಬೆಳಿಗ್ಗೆ ಡೊಂಬಿವಿಲಿಯಿಂದ ಲೋಕಲ್ ಹಿಡಿದು ಹೋಗುತ್ತಿದ್ದೆ. ಮೀನನ್ನು ಮಗ್ಗಿಗೆ ಹಾಕಿ, ನೀರನ್ನೆಲ್ಲ ಚೆಲ್ಲಿ, ಜಲ್ಲಿಯನ್ನು ನಲ್ಲಿ ಕೆಳಗೆ ತೊಳೆದು, ಫಿಲ್ಟರಿನ ಸ್ಪಂಜನ್ನು ನೀರು ತಿಳಿಯಾಗುವ ತನಕ ಹಿಂಡುತ್ತಿದ್ದೆ. ಡಾಕ್ಟರಿಗೆ ಭಾರೀ ಖುಷಿ. ಮೂರನೇ ವಾರ ಮೀನು ಸತ್ತಿತು. ಮಾಲೇ ಸರಿಯಿರಲಿಲ್ಲ ಎಂದು ಹೇಳಿ ಇನ್ನೊಂದು ತಂದು ಬಿಟ್ಟೆ. ಅದು ಹತ್ತು ದಿನಕ್ಕೆ ರೆಕ್ಕೆ ಮುದುಡಿಕೊಂಡು ಎಲೆಯ ಮೇಲೆ ಬಿದ್ದುಕೊಂಡಿತು. ಅದು ಸತ್ತ ಮಾರನೇ ದಿನ ಅಂಗಡಿಯ ಹಿರಿಯ ಕೆಲಸಗಾರ ನನ್ನ ಜೊತೆ ಬಂದರು. ಅಂಕೋಲೆ ಕಡೆಯವರು, ನಮಗೆಲ್ಲ ಮಾಮ.

ಮಾಮ ಟ್ಯಾಂಕಿನ ನೀರನ್ನು ಸಣ್ಣ ಗಾಜಿನ ಕೊಳವೆಗೆ ತುಂಬಿ, ಅಮೋನಿಯಾ ಟೆಸ್ಟಿನ ಹನಿ ಹಾಕಿ ಅಲ್ಲಾಡಿಸಿದರು. ಹಳದಿಯಾಗಿಯೇ ಉಳಿಯಬೇಕಾದ ನೀರು ಹಸಿರಾಯಿತು.

"ಸ್ಪಂಜು ಎಲ್ಲಿ ತೊಳ್ದೆ ತಮಾ?"

"ನಲ್ಲಿ ಕೆಳಗೆ, ಮಾಮ. ಚೆನ್ನಾಗಿ ತೊಳೆದಿದ್ದೇನೆ."

"ಅದೇ ಕೆಟ್ಟದ್ದು."

ಮೀನಿನ ಹೇಲು, ತಿಂದು ಬಿಟ್ಟ ಕಾಳು, ಕೊಳೆತ ಎಲೆ ಎಲ್ಲದರಿಂದಲೂ ಅಮೋನಿಯಾ ಹುಟ್ಟುತ್ತದೆ. ಅದು ಮೀನಿನ ಕಿವಿರನ್ನು ಸುಡುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದರ ಕಾಟ ಕಡಿಮೆ, ಗಿಡಗಳೂ ಹೀರಿಕೊಳ್ಳುತ್ತವೆ. ಈ ಬ್ಯಾಕ್ಟೀರಿಯಾ ಹೆಚ್ಚಾಗಿ ಇರುವುದು ನೀರಿನಲ್ಲಲ್ಲ, ಸ್ಪಂಜಿನ ಮೇಲೆ, ಜಲ್ಲಿಯ ಮೇಲೆ. ನಾನು ಕೊಳೆ ಎಂದು ತಿಕ್ಕಿ ತೆಗೆದದ್ದು ಅದನ್ನೇ. ಮುಲುಂಡಿನ ಪಕ್ಕದ ಭಾಂಡುಪ್‌ನಲ್ಲೇ ಮುಂಬೈಯ ನೀರಿನ ದೊಡ್ಡ ಪಾಲು ಶುದ್ಧವಾಗುವುದು. ಆ ನೀರಿಗೆ ಹಾಕುವ ಕ್ಲೋರಿನ್ ಇರುವುದೇ ಸೂಕ್ಷ್ಮಜೀವಿಗಳನ್ನು ಕೊಲ್ಲಲಿಕ್ಕೆ. ಕೆಟ್ಟದ್ದು ಒಳ್ಳೆಯದು ಅಂತ ಅದು ಕೇಳಿಕೊಂಡು ಕೂರುವುದಿಲ್ಲ. ಹೊಸ ಟ್ಯಾಂಕಿನಲ್ಲಿ ಈ ಸಂಸಾರ ನೆಲೆಯೂರಲು 4ರಿಂದ 6 ವಾರ ಬೇಕು. ನಾನು ಪ್ರತಿ 7 ದಿನಕ್ಕೊಮ್ಮೆ ಅದನ್ನು ಗುಡಿಸಿ ಹಾಕುತ್ತಿದ್ದೆ.

ಮೂರನೇ ಮೀನು ಬಿಡುವ ಮೊದಲು ಐದು ವಾರ ಖಾಲಿ ಟ್ಯಾಂಕು ಓಡಿಸಿದೆವು. ದಿನಾ ಚಿಟಿಕೆ ಮೀನಿನ ಆಹಾರ ಹಾಕಿ ಅಮೋನಿಯಾ ಹುಟ್ಟಿಸುವುದು, ಟೆಸ್ಟ್ ಮಾಡುವುದು. "ಬರೀ ನೀರಿಗೆ ತಿಂಗಳ ದುಡ್ಡು ಕೊಡಬೇಕಾ?" ಎಂದು ಡಾಕ್ಟರು ಕೇಳಿದರು. ಅವರದ್ದೂ ತಪ್ಪಲ್ಲ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾಗಿ ನೈಟ್ರೇಟ್ ಕಂಡ ಮೇಲೆಯೇ ಕೆಂಪು ಮೀನೊಂದನ್ನು ಬಿಟ್ಟದ್ದು.

ಈಗ ವಾರಕ್ಕೆ 6 ಲೀಟರ್ ನೀರನ್ನಷ್ಟೇ ಪೈಪಿನಿಂದ ಎಳೆದು ತೆಗೆಯುತ್ತೇನೆ. ಸ್ಪಂಜು ಕಟ್ಟಿಕೊಂಡಿದ್ದರೆ ಆ ತೆಗೆದ ನೀರಿನಲ್ಲೇ ಎರಡು ಸಲ ಹಿಂಡಿ ಮತ್ತೆ ಇಡುತ್ತೇನೆ. ಅದು ಕಂದು ಬಣ್ಣಕ್ಕೇ ಇರಲಿ. ಹೊಸ ನೀರಿಗೆ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ಹಾಕಿ ಕ್ಲೋರಿನ್ ತೆಗೆದ ಮೇಲೆಯೇ ಒಳಗೆ ಬಿಡುವುದು. ಟ್ಯಾಂಕನ್ನು ಏಸಿಯ ಗಾಳಿ ನೇರ ಬಡಿಯುವ ಜಾಗದಿಂದ ಸರಿಸಿ, ಸಣ್ಣ ಹೀಟರನ್ನು 26 ಡಿಗ್ರಿಗೆ ಇಟ್ಟಿದ್ದೇವೆ.

ಗಿಡಗಳಿಗೂ ನನ್ನ ಕೈಗುಣ ತಟ್ಟಿತ್ತು. ಅನುಬಿಯಾಸ್‌ನ ದಪ್ಪ ಗೆಡ್ಡೆಕಾಂಡವನ್ನು ಜಲ್ಲಿಯೊಳಗೆ ಹೂತು ಕೊಳೆಸಿದೆ. ಅದನ್ನೂ ಜಾವಾ ಫರ್ನನ್ನೂ ಕಟ್ಟಿಗೆಗೋ ಕಲ್ಲಿಗೋ ದಾರದಲ್ಲಿ ಕಟ್ಟಬೇಕಂತೆ. ಕ್ರಿಪ್ಟೊಕೊರೈನ್ ಜಾಗ ಬದಲಾದರೆ ಎಲೆಗಳನ್ನೆಲ್ಲ ಕರಗಿಸಿಕೊಳ್ಳುತ್ತದೆ. ಸತ್ತಿತೆಂದು ಕಿತ್ತೆಸೆಯಲು ಹೋದರೆ ಮಾಮ ಕೈ ಹಿಡಿದರು. ಬೇರಿನಿಂದ ಮತ್ತೆ ಚಿಗುರಿತು. ಅದರ ಒಂದು ಜಾತಿ ನಮ್ಮ ಪಶ್ಚಿಮ ಘಟ್ಟದ ಹಳ್ಳಗಳದ್ದೇ. ಊರಲ್ಲಿ ಅದನ್ನು ತುಳಿದುಕೊಂಡು ಓಡಾಡಿದ್ದೆನೋ ಏನೋ, ಇಲ್ಲಿ ದುಡ್ಡು ಕೊಟ್ಟು ತರುತ್ತೇವೆ. ಕ್ಲಿನಿಕ್ಕಿನ ದೀಪದ ಜೊತೆ ಟ್ಯಾಂಕಿನ ದೀಪವೂ 12 ಗಂಟೆ ಉರಿದು ಗಾಜಿಗೆ ಪಾಚಿ ಹಿಡಿದಿತ್ತು. ಟೈಮರ್ ಹಾಕಿ 7 ಗಂಟೆಗೆ ಇಳಿಸಿದೆವು.

ಊಟದ್ದು ಬೇರೆಯೇ ಕತೆ. ರಿಸೆಪ್ಷನಿಸ್ಟು, ನರ್ಸು, ಡಾಕ್ಟರು ಮೂವರೂ ಒಬ್ಬರಿಗೊಬ್ಬರು ಹೇಳದೆ ಕಾಳು ಹಾಕುತ್ತಿದ್ದರು. ಬೆಟ್ಟಾಗೆ ಒಂದು ಹೊತ್ತಿಗೆ ಮೂರು ನಾಲ್ಕು ಸಣ್ಣ ಕಾಳು ಸಾಕು. ಈಗ ಡಬ್ಬಿ ರಿಸೆಪ್ಷನಿಸ್ಟಿನ ಡ್ರಾಯರಿನಲ್ಲಿದೆ, ಭಾನುವಾರ ಮೀನಿಗೂ ಉಪವಾಸ.

ಫೈಟರನ್ನು ಹೂದಾನಿಯಂಥ ಬೌಲಿನಲ್ಲಿ ಇಟ್ಟರಾಗದಾ ಎಂದು ಇಂದಿಗೂ ವಾರಕ್ಕೊಬ್ಬರು ಕೇಳುತ್ತಾರೆ. ಈ ಮೀನಿನ ತಲೆಯೊಳಗೆ ಲ್ಯಾಬಿರಿಂತ್ ಎಂಬ ಅಂಗವಿದೆ, ಮೇಲೆ ಬಂದು ಗಾಳಿಯನ್ನೇ ನುಂಗಿ ಉಸಿರಾಡಬಲ್ಲದು. ಅದಕ್ಕೇ ಕೆಟ್ಟ ನೀರಿನಲ್ಲೂ ಬೇಗ ಸಾಯುವುದಿಲ್ಲ, ನರಳಿ ನರಳಿ ಸಾಯುತ್ತದೆ. ಥಾಯ್ಲೆಂಡಿನವರು 2019ರಲ್ಲಿ ಇದನ್ನು ತಮ್ಮ ರಾಷ್ಟ್ರೀಯ ಜಲಚರ ಎಂದು ಸಾರಿದ್ದಾರೆ ಎಂದರೆ ಕೆಲವರು ಸ್ವಲ್ಪ ದೊಡ್ಡ ಟ್ಯಾಂಕು ಒಯ್ಯುತ್ತಾರೆ. ವ್ಯಾಪಾರವೂ ಆಯಿತು.

ಇನ್ನೂ ಬಗೆಹರಿಯದ್ದು ಎಲೆಯ ಜಗಳ. ಫುಟ್‌ಪಾತಿನ ಬಾದಾಮಿ ಮರದ ಒಣಗಿ ಉದುರಿದ ಎಲೆಯನ್ನು ತೊಳೆದು ಟ್ಯಾಂಕಿಗೆ ಹಾಕುತ್ತೇನೆ. ಅದರ ಟ್ಯಾನಿನ್ ಇಳಿದು ನೀರು ತೆಳು ಚಹಾದ ಬಣ್ಣಕ್ಕೆ ಬರುತ್ತದೆ, ಬೆಟ್ಟಾಗೆ ಅದು ಹಿತ. ಆದರೆ ಕ್ಲಿನಿಕ್ಕು ಗುಡಿಸುವ ಮಾವ್ಶಿಯ ಕಣ್ಣಿಗೆ ಅದು ಬರೀ ಕಸ. ಮೂರು ಸಲ ತೆಗೆದು ಬಿಸಾಡಿದರು. ಅವರಿಗೆ ಬೈಯಲು ನನಗೆ ಯಾವ ಮುಖ? ಗಾಜಿಗೆ ಒಂದು ಚೀಟಿ ಅಂಟಿಸಿ ಬಂದಿದ್ದೇನೆ: "ಮಾವ್ಶಿ, ಪಾನ್ ಕಾಢೂ ನಕಾ" (ಎಲೆ ತೆಗೆಯಬೇಡಿ). ಕಳೆದ ಸೋಮವಾರ ಹೋದಾಗ ಎಲೆ ಹಾಗೇ ಇತ್ತು. ಚೀಟಿಯನ್ನು ಮಾತ್ರ ಕಿತ್ತು, ಅಂಟಿನ ಕಲೆಯೂ ಉಳಿಯದಂತೆ ಗಾಜು ಒರೆಸಿಟ್ಟಿದ್ದರು.