ಊಟ ಬಿಟ್ಟ ಕರಿಯ

ನಮ್ಮ ನಾಯಿ ಕರಿಯನ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣೆ ಹುಳು ಕಂಡವು. ಮಾರನೇ ಬೆಳಿಗ್ಗೆ ಅನ್ನ ಮೂಸಲೂ ಇಲ್ಲ. ಮನುಷ್ಯರಾದರೆ ಮೈ ಸರಿಯಿಲ್ಲ ಎಂದು ಹೇಳುತ್ತೇವೆ, ಇವಕ್ಕೆ ಊಟ ಬಿಡುವುದೇ ಮಾತು ಅಲ್ವಾ? ಆಗಲೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದೆವು.

ಅವರು ಮೊದಲು ನೋಡಿದ್ದು ಒಸಡು. ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿರಬಹುದಂತೆ. ಪರೀಕ್ಷೆ ಮಾಡಿಸಿದರೆ ಎರ್ಲಿಕಿಯಾ, ಅಂದರೆ ಉಣ್ಣೆ ಜ್ವರ. ಪ್ಲೇಟ್‌ಲೆಟ್ ಇಳಿದಿತ್ತು. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಶುರುವಾಗಿದೆ, ಈಗ ಬಾಲ ಅಲ್ಲಾಡುತ್ತಿದೆ.

ಪಕ್ಕದ ಮನೆಯವರು ಸೀಮೆಎಣ್ಣೆ ಹಚ್ಚಿ ಎಂದರು. ಬೇಡವೇ ಬೇಡ, ಚರ್ಮ ಸುಡುತ್ತದೆ. ರಕ್ತ ಕುಡಿದ ಹೆಣ್ಣು ಉಣ್ಣೆ ಉದುರಿ, ಗೋಡೆ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಹಾಗಾಗಿ ಮನೆಗೂ ಔಷಧಿ ಹೊಡೆಸಬೇಕು. ಬೆಕ್ಕಿರುವವರು ಔಷಧಿ ಡಬ್ಬಿ ಓದಿ: ಪರ್ಮೆಥ್ರಿನ್ ಎಂಬ ಕೀಟನಾಶಕ ಬೆಕ್ಕಿಗೆ ವಿಷ.